ಮೂವತ್ತು ರಿವೆಟ್‌ಗಿಂತ ಮೊದಲು ಪೆಟ್ರೋಲ್ ಅಳೆಯಿರಿ

ಪ್ರಶ್ನೆ: ಎರಡು ಸೀಟಿನ ಅಲ್ಯೂಮಿನಿಯಂ ಕಿಟ್ ವಿಮಾನವೊಂದನ್ನು ಆರು ವರ್ಷದಿಂದ ಮನೆಯ ಶೆಡ್ಡಿನಲ್ಲಿ ಕಟ್ಟುತ್ತಿದ್ದೇನೆ. 160 ಅಶ್ವಶಕ್ತಿಯ ಹೊಸ ಎಂಜಿನ್ ಕೂತಾಗಿದೆ, ವೈರಿಂಗ್ ಮುಗಿಯುತ್ತ ಬಂದಿದೆ. ಇನ್ನೆರಡು ತಿಂಗಳಲ್ಲಿ ಹಾರಿಸುವ ಆಸೆ. ಆದರೆ ಎಡರೆಕ್ಕೆಯ ತಳದ ಹಾಳೆಯಲ್ಲಿ ಸುಮಾರು ಮೂವತ್ತು ರಿವೆಟ್‌ಗಳು, ಅಂದರೆ ಹಾಳೆಗಳನ್ನು ಬಿಗಿಯಲು ಬಡಿದು ಕೂರಿಸುವ ಲೋಹದ ಮೊಳೆಗಳು, ಸರಿಯಾಗಿ ಕೂತಿಲ್ಲ. ಕೆಲವು ಓರೆಯಾಗಿವೆ, ಕೆಲವು ಅತಿಯಾಗಿ ಚಪ್ಪಟೆಯಾಗಿವೆ. ಎಲ್ಲವನ್ನೂ ಕೊರೆದು ತೆಗೆಯಬೇಕೇ? ಇದೇ ಚಿಂತೆಯಲ್ಲಿ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಇನ್ನೊಂದು ವಿಷಯ: ಕಟ್ಟುವ ಕೆಲಸದಲ್ಲಿ ಮುಳುಗಿ ಈ ಆರು ವರ್ಷದಲ್ಲಿ ನಾನು ಹಾರಿದ್ದು ಒಟ್ಟು ಹನ್ನೊಂದು ಗಂಟೆ ಮಾತ್ರ. ಮೊದಲ ಹಾರಾಟ ನಾನೇ ಮಾಡಬಹುದೇ? ಪಕ್ಕದ ಸೀಟಿನಲ್ಲಿ ಕೂರಲು ನನ್ನ ತಮ್ಮ ಸಿದ್ಧನಿದ್ದಾನೆ.

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವುದು ರಿವೆಟ್‌ಗಳಾದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಖ್ಯೆ ಮೂವತ್ತಲ್ಲ, ಹನ್ನೊಂದು. ಅದಕ್ಕೆ ಆಮೇಲೆ ಬರುತ್ತೇನೆ.

ಮೂವತ್ತರಲ್ಲಿ ಬಹುಪಾಲನ್ನು ಮುಟ್ಟಬೇಡಿ. ಬಡಿದು ಚಪ್ಪಟೆ ಮಾಡಿದ ತಲೆಯ ಅಗಲ ರಿವೆಟ್ ಕಾಂಡದ ವ್ಯಾಸದ ಒಂದೂವರೆ ಪಟ್ಟು ಇರಬೇಕು, ಎತ್ತರ ಅರ್ಧದಷ್ಟು. 3.2 ಮಿಲಿಮೀಟರಿನ ರಿವೆಟ್ಟಾದರೆ ಅಗಲ 4.8, ಎತ್ತರ 1.6 ಮಿಲಿಮೀಟರ್. ಇದು ಗುರಿ. ಇದರಿಂದ ಚೂರು ಆಚೀಚೆ ಆದ ರಿವೆಟ್ ತನ್ನ ಕೆಲಸವನ್ನು ಮಾಡೇ ಮಾಡುತ್ತದೆ. ಹಾಳೆಯ ರಿವೆಟ್ ಸಾಲಿನಲ್ಲಿ ಭಾರ ಹಂಚಿಹೋಗುತ್ತದೆ, ಯಾವ ಒಂದು ರಿವೆಟ್ಟೂ ಒಂಟಿಯಾಗಿ ರೆಕ್ಕೆಯನ್ನು ಹೊರುವುದಿಲ್ಲ. ಇಂಥ ವಿಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್‌ಗಳಿರುತ್ತವೆ. ಮೊದಲ ಸಲ ಕಟ್ಟುವವರ ಕೈಯಲ್ಲಿ ಮೂವತ್ತು ಕೆಟ್ಟಿವೆ ಎಂದರೆ ನಿಮ್ಮ ಕೈ ಚೆನ್ನಾಗಿ ಪಳಗಿದೆ ಎಂದೇ ಅರ್ಥ.

ತೆಗೆಯಲೇಬೇಕಾದವು ಯಾವುವು? ತಲೆಯ ಅಂಚಿನಲ್ಲಿ ಬಿರುಕು ಬಿಟ್ಟವು. ಎರಡು ಹಾಳೆಗಳ ನಡುವೆ ಸಂದಿಯಿದ್ದು, ಕಾಂಡ ಅಲ್ಲೇ ಉಬ್ಬಿ ಕೂತವು. ಸಂದಿ ಅಳೆಯುವ ತೆಳುವಾದ ಲೋಹಪಟ್ಟಿ, ಅಂದರೆ ಫೀಲರ್ ಗೇಜ್, ಹಾಳೆಗಳ ಮಧ್ಯೆ ತೂರಿದರೆ ಆ ರಿವೆಟ್ ಹಿಡಿದಿಲ್ಲ. ರಂಧ್ರ ಕಾಣುವಷ್ಟು ಪಕ್ಕಕ್ಕೆ ವಾಲಿದವು. ರೆಕ್ಕೆಯ ಮುಖ್ಯ ತೊಲೆಯ ಮೇಲಿರುವ ಅನುಮಾನದ ರಿವೆಟ್‌ಗಳು ಮಾತ್ರ ಬೇರೆ ಲೆಕ್ಕ. ಅಲ್ಲಿ ನೀವೇ ತೀರ್ಮಾನ ಮಾಡಬೇಡಿ, ಫೋಟೊ ತೆಗೆದು ಕಿಟ್ ತಯಾರಕರಿಗೆ ಕಳಿಸಿ, ಅವರು ಹೇಳಿದಂತೆ ಮಾಡಿ.

ಉಳಿದವನ್ನು ಮುಟ್ಟಬೇಡಿ ಎನ್ನಲು ಕಾರಣವಿದೆ. ಕೊರೆಯುವಾಗ ಡ್ರಿಲ್ ಒಂದೆಳೆ ಪಕ್ಕಕ್ಕೆ ಜಾರಿದರೂ ದುಂಡಗಿದ್ದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹಾಳೆಯ ಅಂಚಿಗೂ ರಂಧ್ರಕ್ಕೂ ಇರಬೇಕಾದ ದೂರ, ಅಂದರೆ ರಿವೆಟ್ ವ್ಯಾಸದ ಎರಡರಷ್ಟು, ಕಡಿಮೆಯಾಗುತ್ತದೆ. ಅರೆಕೆಟ್ಟ ರಿವೆಟ್ ಇದ್ದ ಜಾಗದಲ್ಲಿ ಪೂರ್ತಿ ಕೆಟ್ಟ ರಂಧ್ರ ಉಳಿಯುತ್ತದೆ. ತೆಗೆಯಲೇಬೇಕಾದಾಗ ಕಾರ್ಖಾನೆ ತಲೆಯ, ಅಂದರೆ ರಿವೆಟ್ಟಿನ ಜೊತೆಗೇ ಬಂದ ತಲೆಯ, ನಡುವಿನ ಸಣ್ಣ ಕುಳಿಯಲ್ಲಿ ಡ್ರಿಲ್ ಇಟ್ಟು ತಲೆಯ ಆಳದಷ್ಟು ಮಾತ್ರ ಕೊರೆಯಿರಿ. ಪಿನ್ ಪಂಚ್ ತೂರಿಸಿ ತಲೆಯನ್ನು ಮುರಿಯಿರಿ. ಹಿಂದುಗಡೆ ಮರದ ತುಂಡು ಒತ್ತಿ ಹಿಡಿದುಕೊಂಡು ಕಾಂಡವನ್ನು ಮೆಲ್ಲಗೆ ತಟ್ಟಿ ಹೊರಹಾಕಿ. ಸುಸ್ತಾದ ರಾತ್ರಿ ಈ ಕೆಲಸಕ್ಕೆ ಕೈ ಹಾಕಬೇಡಿ. ನನ್ನ ಮೊದಲ ವಿಮಾನದಲ್ಲಿ ನಾನು ಕೆಡಿಸಿದ ರಂಧ್ರಗಳೆಲ್ಲ ರಾತ್ರಿ ಹತ್ತರ ನಂತರದವು.

ರಿವೆಟ್ ವಿಷಯ ಇಷ್ಟೇ. ಈಗ ನಿಮ್ಮ ಚಿಂತೆಯನ್ನು ಅದು ಇರಬೇಕಾದ ಕಡೆಗೆ ತಿರುಗಿಸುತ್ತೇನೆ. ಅಮೆರಿಕದ ಎನ್‌ಟಿಎಸ್‌ಬಿ, ಅಂದರೆ ಅಲ್ಲಿನ ಸಾರಿಗೆ ಅಪಘಾತಗಳನ್ನು ತನಿಖೆ ಮಾಡುವ ಮಂಡಳಿ, ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆ 2012ರಲ್ಲಿ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿತು. ಅಪಘಾತಗಳ ಮುಖ್ಯ ಕಾರಣಗಳಾಗಿ ಅದರಲ್ಲಿ ಎದ್ದು ಕಂಡವು ಎರಡು: ಎಂಜಿನ್ ಶಕ್ತಿ ಕೈಕೊಡುವುದು, ಹಾರುತ್ತಿರುವಾಗ ಪೈಲಟ್ಟಿನ ಹಿಡಿತ ತಪ್ಪುವುದು. ಅದರಲ್ಲೂ ವಿಮಾನದ ಆಯುಷ್ಯದ ಆರಂಭದ ಹಾರಾಟಗಳಲ್ಲೇ ಅಪಾಯ ಹೆಚ್ಚು. ಕಟ್ಟುವವರು ನಿದ್ದೆಗೆಡುವುದು ರೆಕ್ಕೆಯ ಬಗ್ಗೆ. ವಿಮಾನ ನೆಲಕ್ಕೆ ಬೀಳುವುದು ಪೆಟ್ರೋಲ್ ಎಂಜಿನ್ನಿಗೆ ತಲುಪದಿದ್ದಾಗ, ಇಲ್ಲವೇ ಕೂತವರ ಕೈ ಮಂದವಾಗಿದ್ದಾಗ.

ಪೆಟ್ರೋಲಿನ ಕಥೆ ಮೊದಲು. ಕಿಟ್ ವಿಮಾನದ ಎಂಜಿನ್ ಸಾಮಾನ್ಯವಾಗಿ ಕಾರ್ಖಾನೆಯಿಂದ ಪರೀಕ್ಷೆಯಾಗಿ ಬಂದಿರುತ್ತದೆ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಕೊಳವೆ, ಫಿಲ್ಟರ್, ಕವಾಟ, ಪಂಪ್ ಮಾತ್ರ ನೀವು ಜೋಡಿಸಿದ್ದು, ಜಗತ್ತಿನಲ್ಲಿ ಅಂಥದ್ದು ಅದೊಂದೇ. ಅದನ್ನು ಪರೀಕ್ಷಿಸುವವರು ನಿಮ್ಮ ಹೊರತು ಇನ್ನಾರೂ ಇಲ್ಲ. 160 ಅಶ್ವಶಕ್ತಿಯ ಎಂಜಿನ್ ಪೂರ್ತಿ ಬಲದಲ್ಲಿ ಗಂಟೆಗೆ ಸುಮಾರು 50 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವ್ಯವಸ್ಥೆಯಾದರೆ ಅದರ 125 ಪ್ರತಿಶತ, ಬರಿ ಗುರುತ್ವದಿಂದ ಇಳಿಯುವ ವ್ಯವಸ್ಥೆಯಾದರೆ 150 ಪ್ರತಿಶತ ಹರಿಯಬೇಕು. ನಿಮ್ಮ ವಿಮಾನಕ್ಕೆ ಪಂಪ್ ಇದ್ದರೆ ನಿಮಿಷಕ್ಕೆ ಒಂದು ಲೀಟರ್‌ಗಿಂತ ತುಸು ಹೆಚ್ಚು, ಇಲ್ಲದಿದ್ದರೆ ಒಂದೂಕಾಲು ಲೀಟರ್.

ಅಳೆಯುವುದು ಹೀಗೆ. ವಿಮಾನವನ್ನು ಬಯಲಿಗೆ ತನ್ನಿ, ಕಿಡಿ ಹಾರದಂತೆ ವಿಮಾನಕ್ಕೂ ಡಬ್ಬಕ್ಕೂ ಅರ್ಥಿಂಗ್ ತಂತಿ ಕಟ್ಟಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಮುಂಗಾಲನ್ನು ದಿಮ್ಮಿಗಳ ಮೇಲೇರಿಸಿ, ವಿಮಾನ ಅತಿ ಕಡಿದಾಗಿ ಏರುವ ಕೋನಕ್ಕಿಂತ ಐದು ಡಿಗ್ರಿ ಹೆಚ್ಚಾಗುವಂತೆ ಮೂತಿ ಎತ್ತಿ ನಿಲ್ಲಿಸಿ. ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇರಲಿ. ಕಾರ್ಬುರೇಟರ್‌ಗೆ ಸೇರುವ ಕೊಳವೆಯನ್ನು ಬಿಚ್ಚಿ, ತುದಿಯನ್ನು ಕಾರ್ಬುರೇಟರ್ ಇರುವ ಎತ್ತರದಲ್ಲೇ ಹಿಡಿದು, ಡಬ್ಬಕ್ಕೆ ಹರಿಸಿ. ನಿಮ್ಮ ತಮ್ಮನಿಗೆ ಇಲ್ಲಿ ಕೆಲಸವಿದೆ: ಗಡಿಯಾರ ಅವರ ಕೈಯಲ್ಲಿರಲಿ. ಎರಡೂ ಟ್ಯಾಂಕ್‌ಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಹರಿವು ನಿಂತ ಮೇಲೂ ಟ್ಯಾಂಕಿನಲ್ಲಿ ಉಳಿದದ್ದನ್ನು ಬಸಿದು ಅಳೆದು ಬರೆದಿಡಿ. ಅದು ಏರುವಾಗ ನಿಮಗೆ ದಕ್ಕದ ಪೆಟ್ರೋಲ್.

ಟ್ಯಾಂಕಿನ ಮುಚ್ಚಳ ಹಾಕಿಯೇ ಅಳೆಯಬೇಕು. ಇದನ್ನು ನಾನು ಪಾಠವಾಗಿ ಕಲಿತದ್ದಲ್ಲ, ಅನುಭವಿಸಿ ಕಲಿತದ್ದು. ನನ್ನ ಎರಡನೆಯ ವಿಮಾನದಲ್ಲಿ ಮುಚ್ಚಳ ತೆಗೆದಿಟ್ಟು ಅಳೆದೆ, ಹರಿವು ಬೇಕಾದುದಕ್ಕಿಂತ ಹೆಚ್ಚೇ ಬಂತು. ಸಂತೋಷದಿಂದ ಎಲ್ಲ ಮುಚ್ಚಿ ಎಂಜಿನ್ ಚಾಲೂ ಮಾಡಿ ನೆಲದ ಮೇಲೆ ಓಡಿಸುತ್ತಿದ್ದಾಗ ಹತ್ತು ನಿಮಿಷಕ್ಕೆ ಎಂಜಿನ್ ಕೆಮ್ಮಿ ನಿಂತಿತು. ಟ್ಯಾಂಕಿಗೆ ಗಾಳಿ ಕೊಡುವ ಸಣ್ಣ ಕೊಳವೆಯೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಪೆಟ್ರೋಲ್ ಇಳಿದಂತೆಲ್ಲ ಒಳಗೆ ಗಾಳಿ ತುಂಬಿಕೊಳ್ಳಲಾಗದೆ ಟ್ಯಾಂಕ್ ಹೀರಿ ಹಿಡಿದುಕೊಂಡಿತ್ತು. ನೆಲದ ಮೇಲೆ ನಿಂತದ್ದಕ್ಕೆ ಇವತ್ತು ಈ ಉತ್ತರ ಬರೆಯುತ್ತಿದ್ದೇನೆ. ಆರು ವರ್ಷ ಶೆಡ್ಡಿನಲ್ಲಿದ್ದ ವಿಮಾನದ ಪ್ರತಿ ತೆರೆದ ಬಾಯಿಯನ್ನೂ ಅನುಮಾನದಿಂದ ನೋಡಿ. ಟ್ಯಾಂಕಿನೊಳಗೆ ಸೀಲಂಟಿನ ಸಿಪ್ಪೆ, ಲೋಹದ ಪುಡಿ ಇದ್ದೇ ಇರುತ್ತದೆ. ಹಲವು ಸಲ ತೊಳೆದು ಬಸಿದು, ಪ್ರತಿ ಸಲವೂ ಫಿಲ್ಟರ್ ಬಿಚ್ಚಿ, ಜಾಲರಿಯಲ್ಲಿ ಏನೂ ಸಿಗದವರೆಗೆ ತೊಳೆಯಿರಿ. ಕೊಳವೆಯ ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ಇವತ್ತೇ ಬಿಚ್ಚಿ. ಅದರ ಒಂದು ಎಳೆ ಸಾಕು ಕಾರ್ಬುರೇಟರ್ ಬಾಯಿ ಕಟ್ಟಲು.

ಈ ವ್ಯವಸ್ಥೆಯಲ್ಲಿ ನೀವು ನಕ್ಷೆಯನ್ನು ಬಿಟ್ಟು ಏನಾದರೂ ಬದಲಿಸಿದ್ದೀರಾ? ಪತ್ರದಲ್ಲಿ ಹೇಳಿಲ್ಲ, ಆದರೂ ಕೇಳುತ್ತೇನೆ. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ತೀರಿಕೊಂಡದ್ದು ಮನೆಯಲ್ಲಿ ಕಟ್ಟಿದ ಲಾಂಗ್-ಈಝೀ ವಿಮಾನದಲ್ಲಿ. ಕಟ್ಟಿದವರು ಅವರಲ್ಲ, ಸ್ವಲ್ಪ ದಿನದ ಹಿಂದಷ್ಟೇ ಕೊಂಡಿದ್ದರು. ಟ್ಯಾಂಕ್ ಬದಲಿಸುವ ಕವಾಟವನ್ನು ಕಟ್ಟಿದವರು ನಕ್ಷೆಯಲ್ಲಿದ್ದ ಜಾಗದಿಂದ ತೆಗೆದು ಪೈಲಟ್ಟಿನ ಎಡಭುಜದ ಹಿಂದೆ ಇಟ್ಟಿದ್ದರು. ಪೆಟ್ರೋಲ್ ಕೊಳವೆ ಪೈಲಟ್ ಕೂರುವ ಜಾಗದೊಳಗೆ ಬರದಿರಲಿ ಎಂಬ ಒಳ್ಳೆಯ ಉದ್ದೇಶವೇ ಅದರ ಹಿಂದಿತ್ತು. ಅದನ್ನು ತಿರುಗಿಸಲು ಮೈಯನ್ನೇ ತಿರುಚಬೇಕಿತ್ತು. ಹಾಗೆ ತಿರುಚಿದಾಗ ಕಾಲು, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡರ್ ಪೆಡಲನ್ನು ಒತ್ತಿ ವಿಮಾನ ಹಿಡಿತ ತಪ್ಪಿತು ಎಂಬುದು ತನಿಖೆಯ ತೀರ್ಮಾನ. ನಿಮ್ಮ ಕವಾಟವನ್ನು ಬೆಲ್ಟ್ ಬಿಗಿದುಕೊಂಡು, ಕಣ್ಣುಮುಚ್ಚಿ, ಒಂದೇ ಕೈಯಲ್ಲಿ ತಿರುಗಿಸಿ ನೋಡಿ. ತಡವರಿಸಿದರೆ ಕವಾಟದ ಜಾಗ ಸರಿಯಿಲ್ಲ.

ತೂಕಕ್ಕೆ ಬನ್ನಿ. ಬಣ್ಣ ಬಳಿದು, ಸೀಟು ಕೂರಿಸಿ, ಎಣ್ಣೆ ತುಂಬಿದ ಮೇಲೆ, ಗಾಳಿಯಾಡದ ಕೋಣೆಯಲ್ಲಿ, ವಿಮಾನವನ್ನು ಮಟ್ಟಸ ಮಾಡಿ ಮೂರು ಚಕ್ರಗಳ ಕೆಳಗೂ ತಕ್ಕಡಿಯಿಟ್ಟು ತೂಗಬೇಕು. ಲೆಕ್ಕ ಹೆದರುವಂಥದ್ದಲ್ಲ. ಮುಖ್ಯ ಚಕ್ರಗಳ ಮೇಲೆ ಒಟ್ಟು 372 ಕಿಲೋ, ಅಳತೆಯ ಗೆರೆಯಿಂದ ಅವು 2.20 ಮೀಟರ್ ಹಿಂದೆ. ಮುಂಚಕ್ರದ ಮೇಲೆ 118 ಕಿಲೋ, ಅದು 0.80 ಮೀಟರ್ ಹಿಂದೆ ಎಂದಿಟ್ಟುಕೊಳ್ಳಿ. ಗುಣಿಸಿ ಕೂಡಿದರೆ 912.8, ಅದನ್ನು ಒಟ್ಟು 490 ಕಿಲೋದಿಂದ ಭಾಗಿಸಿದರೆ ಗುರುತ್ವ ಕೇಂದ್ರ 1.86 ಮೀಟರಿಗೆ ಬರುತ್ತದೆ. ಇದಕ್ಕೆ ನಿಮ್ಮ ತೂಕ, ಪೆಟ್ರೋಲಿನ ತೂಕ ಸೇರಿಸಿ ಮತ್ತೆ ಲೆಕ್ಕ ಹಾಕಿ. ಮೊದಲ ಹಾರಾಟಕ್ಕೆ ಕೇಂದ್ರ ತಯಾರಕರು ಕೊಟ್ಟ ಮಿತಿಯ ಮುಂಭಾಗದ ಅರ್ಧದಲ್ಲಿ ಬರಲಿ. ಕೇಂದ್ರ ಮುಂದಿದ್ದರೆ ವಿಮಾನ ಮೊಂಡಾಗುತ್ತದೆ, ಇಳಿಯುವಾಗ ಸ್ಟಿಕ್, ಅಂದರೆ ವಿಮಾನ ನಡೆಸುವ ಹಿಡಿಕೋಲನ್ನು, ಜೋರಾಗಿ ಎಳೆಯಬೇಕಾಗುತ್ತದೆ, ಅಷ್ಟೇ. ಹಿಂದೆ ಸರಿದಷ್ಟೂ ಅದು ಚಂಚಲವಾಗುತ್ತದೆ. ಮಿತಿ ದಾಟಿದರೆ ಎತ್ತಿದ ಮೂತಿಯನ್ನು ಇಳಿಸಲು ಬಾಲದ ಆಡುವ ಫಲಕವಾದ ಎಲಿವೇಟರ್‌ಗೆ ಬಲವೇ ಸಾಲದೆ ಹೋಗಬಹುದು.

ಈಗ ಆ ಹನ್ನೊಂದು ಗಂಟೆ. ಆರು ವರ್ಷಕ್ಕೆ ಹನ್ನೊಂದು ಎಂದರೆ ವರ್ಷಕ್ಕೆ ಎರಡು ಗಂಟೆಯೂ ಇಲ್ಲ. ಈ ಕೈಯಲ್ಲಿ ನೀವು ಮೊದಲ ಹಾರಾಟ ಮಾಡಬಾರದು. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಬೇಕಾಗಿಲ್ಲ, ಏಕೆಂದರೆ ನೀವು ಬದುಕಿ ಬಾಳಬೇಕು ಎಂಬ ಆಸೆ ನನ್ನದು. ವಿಮಾನದ ಪ್ರತಿ ಬೋಲ್ಟೂ ನಿಮಗೆ ಗೊತ್ತು. ಆದರೆ ಬೋಲ್ಟ್ ಗೊತ್ತಿರುವ ತಲೆ ಬೇರೆ, 300 ಅಡಿಯಲ್ಲಿ ಎಂಜಿನ್ ನಿಂತಾಗ ಯೋಚಿಸದೆ ಮೂತಿ ಇಳಿಸುವ ಕೈ ಬೇರೆ. ಆ ಕೈ ಶೆಡ್ಡಿನಲ್ಲಿ ತಯಾರಾಗುವುದಿಲ್ಲ. ಇನ್ನೂ ಒಂದು ಮಾತು: ತಾನೇ ಕಟ್ಟಿದ ವಿಮಾನವನ್ನು ಉಳಿಸಿಕೊಳ್ಳುವ ಆಸೆ ಗಾಳಿಯಲ್ಲಿ ತಪ್ಪು ನಿರ್ಧಾರ ಮಾಡಿಸುತ್ತದೆ. ಹೊಲದಲ್ಲಿ ಇಳಿಸಿದರೆ ಆರು ವರ್ಷದ ಶ್ರಮ ನುಚ್ಚುನೂರು ಎಂಬ ಯೋಚನೆಯೇ ರನ್‌ವೇ ಕಡೆ ತಿರುಗಿಸುತ್ತದೆ.

ಹಾಗಾಗಿ ನಿಮ್ಮ ಮುಂದಿರುವುದು ಎರಡು ದಾರಿ. ಒಂದು, ಈ ಎರಡು ತಿಂಗಳಲ್ಲಿ ಉಪಕರಣ ಕೆಳಗಿಟ್ಟು ಹಾರಿ. ಮೊದಲು ಪರಿಚಿತ ತರಬೇತಿ ವಿಮಾನದಲ್ಲಿ ಕೈ ಮರಳಿ ಬರಲಿ. ಬಳಿಕ ನಿಮ್ಮದೇ ಮಾದರಿಯ ವಿಮಾನದಲ್ಲಿ, ಆ ಮಾದರಿ ಬಲ್ಲ ಶಿಕ್ಷಕರ ಜೊತೆ ಐದರಿಂದ ಹತ್ತು ಗಂಟೆ. ಕಿಟ್ ವಿಮಾನಗಳ ಸ್ಟಿಕ್ ಹಗುರ. ತರಬೇತಿ ವಿಮಾನದಲ್ಲಿ ಮೊಣಕೈಯಿಂದ ಮಾಡಿದ್ದನ್ನು ಇಲ್ಲಿ ಎರಡು ಬೆರಳಿನಿಂದ ಮಾಡಬೇಕು. ಎರಡು ತಿಂಗಳು ನಾಲ್ಕಾದರೆ ಆಗಲಿ. ಎರಡನೆಯ ದಾರಿ, ಆ ಮಾದರಿಯಲ್ಲಿ ನೂರಾರು ಗಂಟೆ ಹಾರಿದವರೊಬ್ಬರಿಗೆ ಮೊದಲ ಹಾರಾಟ ಒಪ್ಪಿಸುವುದು. ಇದರಲ್ಲಿ ಸಣ್ಣತನವೇನೂ ಇಲ್ಲ. ನನ್ನ ಮೂರನೆಯ ವಿಮಾನದ ಮೊದಲ ಹಾರಾಟವನ್ನು ನೆಲದ ಮೇಲೆ ನಿಂತು ನೋಡಿದವನು ನಾನು. ಅದು ತಲೆಯ ಮೇಲೆ ಹಾದುಹೋದ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ, ಒಳಗೆ ಕೂತಿದ್ದರೆ ಅದು ನನಗೆ ಕೇಳುತ್ತಲೇ ಇರಲಿಲ್ಲ.

ತಮ್ಮನ ವಿಷಯ: ಬೇಡ. ಪರೀಕ್ಷಾ ಹಾರಾಟದಲ್ಲಿ ಪ್ರಯಾಣಿಕರಿಗೆ ಜಾಗವಿಲ್ಲ; ಬಹುತೇಕ ದೇಶಗಳ ನಿಯಮವೂ ಅದೇ. ಅಮೆರಿಕದಲ್ಲಿ 2014ರಿಂದ ಅರ್ಹ ಪೈಲಟ್ ಒಬ್ಬರನ್ನು ಎರಡನೆಯವರಾಗಿ ಕೂರಿಸಲು ದಾರಿ ಮಾಡಿದ್ದಾರೆ, ಅದಕ್ಕೂ ಷರತ್ತುಗಳಿವೆ. ಅಲ್ಲಿ ಎಂಜಿನ್ ಮತ್ತು ಪ್ರೊಪೆಲರ್ ಅಧಿಕೃತ ಮಾನ್ಯತೆ ಪಡೆದ ಜೋಡಿಯಾಗಿದ್ದರೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಪರೀಕ್ಷಾ ಹಾರಾಟ ಎಂಬುದು ಬಹುಕಾಲದ ರೂಢಿ. ನಿಮ್ಮಲ್ಲಿನ ನಿಯಮ ಏನೇ ಇರಲಿ, ಅಷ್ಟು ಗಂಟೆ ಒಬ್ಬರೇ ಹಾರುವುದೆಂದು ನೀವೇ ನಿಶ್ಚಯಿಸಿಕೊಳ್ಳಿ.

ನೆಲದ ಮೇಲಿನ ಓಟದ ಬಗ್ಗೆ ಎಚ್ಚರ ಬೇಕು. ಹಾರುವ ಮುನ್ನ ರನ್‌ವೇ ಮೇಲೆ ಜೋರಾಗಿ ಓಡಿಸಿ ರೂಢಿ ಮಾಡಿಕೊಳ್ಳುತ್ತೇನೆ ಎಂದು ಎಲ್ಲರಿಗೂ ಅನಿಸುತ್ತದೆ. ಹಗುರ ವಿಮಾನ ಅಂಥ ಓಟದಲ್ಲಿ ಹೇಳದೆ ಕೇಳದೆ ನೆಲ ಬಿಡುತ್ತದೆ. ಮನಸ್ಸು ಹಾರಾಟಕ್ಕೆ ಸಿದ್ಧವಿಲ್ಲ, ಮುಂದೆ ರನ್‌ವೇ ಮುಗಿಯುತ್ತಿದೆ, ಬ್ರೇಕ್ ಕಾದಿದೆ. ಮೆಲ್ಲನೆ ಓಡಿಸಿ, ಬ್ರೇಕು ಮತ್ತು ತಿರುಗುವಿಕೆ ನೋಡಿಕೊಳ್ಳಿ, ಅಷ್ಟು ಸಾಕು. ಹೊಸ ಎಂಜಿನ್ನಿಗೂ ಅದೇ ಹಿತ. ಹೊಸ ಸಿಲಿಂಡರ್ ಗೋಡೆಯ ಮೇಲೆ ಸಣ್ಣ ಅಡ್ಡಗೀರುಗಳಿರುತ್ತವೆ. ಪಿಸ್ಟನ್ ರಿಂಗುಗಳು ಹೆಚ್ಚಿನ ಒತ್ತಡದಲ್ಲಿ ಅವುಗಳಿಗೆ ಉಜ್ಜಿಕೊಂಡು ಹೊಂದಿಕೊಳ್ಳಬೇಕು. ಕಡಿಮೆ ಬಲದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಎಣ್ಣೆ ಸುಟ್ಟು ಗೋಡೆ ಗಾಜಿನಂತೆ ನುಣುಪಾಗುತ್ತದೆ, ರಿಂಗುಗಳು ಮುಂದೆಂದೂ ಸರಿಯಾಗಿ ಕೂರುವುದಿಲ್ಲ. ನೆಲದ ಮೇಲೆ ಚುಟುಕಾಗಿ ಓಡಿಸಿ, ಸೋರಿಕೆ ನೋಡಿ, ಆರಲು ಬಿಡಿ. ಮೊದಲ ಹಾರಾಟದಲ್ಲಿ ಬಲ 75 ಪ್ರತಿಶತದ ಆಸುಪಾಸು ಇರಲಿ.

ಕೊನೆಯ ತಪಾಸಣೆಯನ್ನು ವಿಮಾನ ಕಟ್ಟದ ಕಣ್ಣುಗಳಿಂದ ಮಾಡಿಸಿ. ನಾವು ಜೋಡಿಸಿದ್ದನ್ನು ನಾವೇ ನೋಡಿದಾಗ ಅಲ್ಲಿರುವುದು ಕಾಣುವುದಿಲ್ಲ, ಅಲ್ಲಿರಬೇಕಾದದ್ದು ಕಾಣುತ್ತದೆ. ಟಾರ್ಕ್ ಹಾಕಿದ, ಅಂದರೆ ಅಳತೆಗೆ ತಕ್ಕಂತೆ ಬಿಗಿದ, ಪ್ರತಿ ನಟ್ಟಿನ ಮೇಲೂ ಬಣ್ಣದ ಗೆರೆ ಎಳೆಯಿರಿ. ಗೆರೆಯಿಲ್ಲದ ನಟ್ಟು ಬಿಗಿಯಿಲ್ಲದ ನಟ್ಟು ಎಂದೇ ಲೆಕ್ಕ. ರೆಕ್ಕೆ ತುದಿಯ ಆಡುವ ಫಲಕಗಳಾದ ಏಲಿರಾನ್‌ಗಳು ಉಲ್ಟಾ ಜೋಡಣೆಯಾಗಿ, ಸ್ಟಿಕ್ ಸರಾಗವಾಗಿ ಆಡಿದ್ದರಿಂದಲೇ ಸರಿಯಿದೆ ಎಂದುಕೊಂಡು ಹಾರಿ ಕೆಟ್ಟವರಿದ್ದಾರೆ. ಸ್ಟಿಕ್ ಹಿಡಿದು ಹೆಬ್ಬೆರಳು ಮೇಲೆ ಮಾಡಿ. ಎಡಕ್ಕೆ ವಾಲಿಸಿದಾಗ ಹೆಬ್ಬೆರಳು ತೋರಿಸುವ ರೆಕ್ಕೆಯಲ್ಲಿ ಏಲಿರಾನ್ ಮೇಲೆದ್ದಿರಬೇಕು.

ಹಾರುವ ದಿನ ಗಾಳಿ ತಣ್ಣಗಿರುವ ಬೆಳಗ್ಗೆ ಆಗಲಿ. ಜನ ಸೇರಿಸಬೇಡಿ. ನೋಡಲು ಬಂದವರಿದ್ದರೆ ಇವತ್ತು ಬೇಡ ಎನ್ನುವುದು ಕಷ್ಟವಾಗುತ್ತದೆ, ಮೊದಲ ಹಾರಾಟದ ಪೈಲಟ್ಟಿಗೆ ಬೇಕಾದ ಮಾತೇ ಅದು. ತಮ್ಮನ ಕೈಗೆ ರೇಡಿಯೊ, ಬೆಂಕಿ ಆರಿಸುವ ಸಿಲಿಂಡರ್, ಆಸ್ಪತ್ರೆಯ ಫೋನ್ ನಂಬರ್ ಕೊಟ್ಟು ರನ್‌ವೇ ಪಕ್ಕ ನಿಲ್ಲಿಸಿ. ಹೊರಡುವ ಮುನ್ನ ಗಟ್ಟಿಯಾಗಿ ಹೇಳಿಕೊಳ್ಳಿ: ಇಷ್ಟು ಎತ್ತರದೊಳಗೆ ಎಂಜಿನ್ ನಿಂತರೆ ಮೂತಿ ಇಳಿಸುತ್ತೇನೆ, ನೇರ ಮುಂದೆ ಇಳಿಯುತ್ತೇನೆ. ನನ್ನ ಗೆರೆ 800 ಅಡಿ. ರನ್‌ವೇಗೆ ಹಿಂದಿರುಗಲು 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗ ಸುಮಾರು 19 ಪ್ರತಿಶತ ಏರುತ್ತದೆ, ಅದೂ ವೇಗ ಕುಸಿಯುತ್ತಿರುವ ಹೊತ್ತಿನಲ್ಲಿ.

ನೆಲ ಬಿಟ್ಟ ಮೇಲೆ ಕಡಿದಾಗಿ ಏರಬೇಡಿ. ಹೊಸ ಎಂಜಿನ್ ಬೇಗ ಕಾಯುತ್ತದೆ, ವೇಗ ಇದ್ದರೆ ಸಿಲಿಂಡರ್‌ಗಳಿಗೆ ಗಾಳಿ ಸಿಗುತ್ತದೆ. ಲೈಕಮಿಂಗ್ ಕಂಪನಿಯ ಈ ಬಗೆಯ ಎಂಜಿನ್‌ಗಳಲ್ಲಿ ಸಿಲಿಂಡರ್ ತಲೆಯ ಗರಿಷ್ಠ ಮಿತಿ 260 ಡಿಗ್ರಿ ಸೆಲ್ಸಿಯಸ್, ಆದರೆ 220 ದಾಟಿದರೆ ನಾನು ಮೂತಿ ಇಳಿಸಿ ವೇಗ ಹೆಚ್ಚಿಸುತ್ತೇನೆ. ರನ್‌ವೇ ಮೇಲೆಯೇ ಸುತ್ತುತ್ತ 3,000 ಅಡಿಗೆ ಹೋಗಿ, ಎಂಜಿನ್ ನಿಂತರೂ ತೇಲಿ ಬಂದು ಇಳಿಯುವಷ್ಟು ಹತ್ತಿರದಲ್ಲೇ ಇರಿ. ವಿಮಾನ ಒಂದು ಕಡೆ ವಾಲುತ್ತಿದ್ದರೆ ಹಿಡಿದುಕೊಂಡೇ ಹಾರಿ, ಸರಿಪಡಿಸುವುದು ನಾಳೆ. ನಿಮ್ಮ ವೇಗಮಾಪಕವೂ ನೀವೇ ಜೋಡಿಸಿದ್ದು, ಅದು ಸುಳ್ಳು ಹೇಳುತ್ತಿರಬಹುದು. ಅದಕ್ಕೇ ಅಲ್ಲಿ, ಎತ್ತರದಲ್ಲೇ, ಇಳಿಯುವಾಗಿನಂತೆ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಇಳಿಬಿಟ್ಟು ಮೆಲ್ಲನೆ ವೇಗ ಕಳೆಯಿರಿ. ಸ್ಟಾಲಿನ ಮೊದಲ ನಡುಕ ಕೈಗೆ ತಾಗಿದ ಕೂಡಲೇ ಮಾಪಕ ಏನು ತೋರಿಸುತ್ತಿದೆ ನೋಡಿ ಮೂತಿ ಇಳಿಸಿ. 50 ನಾಟ್ ತೋರಿಸಿದರೆ ಅದರ 1.3 ಪಟ್ಟು, ಅಂದರೆ 65ರಲ್ಲಿ ಇಳಿಯಲು ಬನ್ನಿ. ಮಾಪಕ ತಪ್ಪಿದ್ದರೂ ಈ ಲೆಕ್ಕ ಬಹುಮಟ್ಟಿಗೆ ಕಾಯುತ್ತದೆ, ಏಕೆಂದರೆ ಎರಡನ್ನೂ ಅಳೆದದ್ದು ಅದೇ ಮಾಪಕ.

ಇಳಿದ ಮೇಲೆ ಎಂಜಿನ್ ಮುಚ್ಚಳ ಬಿಚ್ಚುವವರೆಗೆ ಯಾರಿಗೂ ಕೈಕುಲುಕಬೇಡಿ. ಟಾರ್ಚ್ ಹಿಡಿದು ಪೆಟ್ರೋಲಿನ ನೀಲಿ ಕಲೆ, ಎಣ್ಣೆಯ ಜಾಡು, ಸೈಲೆನ್ಸರ್ ಕೊಳವೆಗೆ ತಾಗಿ ಉಜ್ಜಿದ ವೈರು, ಸರಿದ ಬಣ್ಣದ ಗೆರೆ ಹುಡುಕಿ. ಸಿಕ್ಕೇ ಸಿಗುತ್ತದೆ ಒಂದಾದರೂ. ಅದನ್ನು ಸರಿಮಾಡಿ ಎರಡನೆಯ ಹಾರಾಟ, ಮತ್ತೆ ಬಿಚ್ಚಿ ಮೂರನೆಯದು. ಪರೀಕ್ಷೆಯ ಗಂಟೆಗಳು ಮುಗಿದ ದಿನ, ಇಷ್ಟೆಲ್ಲ ಹೊತ್ತು ಗಡಿಯಾರ ಮತ್ತು ರೇಡಿಯೊ ಹಿಡಿದು ನೆಲದ ಮೇಲೆ ನಿಂತ ನಿಮ್ಮ ತಮ್ಮನನ್ನು ಕರೆದು ಆ ಸೀಟಿನಲ್ಲಿ ಕೂರಿಸಿ.